ಮಗ್ಗಗಳ ಸದ್ದಿನೊಳಗೆ ರಂಗಣ್ಣನ ಹಾಡು

ಮಗ್ಗಗಳ ಸದ್ದನ್ನು ಮೀರಿ ಕೂಗಿ ಕೂಗಿಯೇ ನಮ್ಮ ರಂಗಣ್ಣನ ಕಂಠ ಬಲಿಯಿತು, ಅದಕ್ಕೇ ಯುರೋಪು, ಅಮೆರಿಕ ಎರಡೂ ಕಡೆಯ ಒಪೆರಾ ಸಂಗೀತನಾಟಕಗಳಲ್ಲಿ ಅವನು ತುಂಬು ಗಂಡುದನಿಯ ಬ್ಯಾರಿಟೋನ್ ಗಾಯಕನಾದ ಎಂದು ಬಂಧುಗಳೆಲ್ಲ ಹೇಳುತ್ತಾರೆ. ಹಾಗಾದರೆ ನಮ್ಮ ಅನ್ನೂರಿನ ನೇಕಾರರೆಲ್ಲ ಒಪೆರಾ ಹಾಡಬೇಕಿತ್ತಲ್ಲ? ಇವತ್ತು ಟೌನ್ ಬಸ್ ಹತ್ತಿ ಅವನ ಅತ್ತೆಯ ಮಗ್ಗದ ಶೆಡ್ಡಿಗೇ ಬಂದೆ. ಇಲ್ಲಿ ಯಾರೂ ಕೂಗುವುದೇ ಇಲ್ಲ! ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ.

ಮಗ್ಗಗಳ ನಡುವೆ ನಿಂತು ರಂಗಣ್ಣ ಹಾಡುತ್ತಿದ್ದ. ನನಗೆ ಒಂದು ಸ್ವರವೂ ಕೇಳಿಸಲಿಲ್ಲ. ಹೋದ ತಿಂಗಳು ಅಮೆರಿಕದ ವೇದಿಕೆಯಲ್ಲಿ ಒಂದು ಎತ್ತರದ ಸ್ವರಕ್ಕೆ ಅವನ ಗಂಟಲು ಕಟ್ಟಿತ್ತು. ಬರುವ ವಾರ ಜರ್ಮನಿಯಲ್ಲಿ ಅದೇ ಪಾತ್ರ. ಅಲ್ಲೂ ಕಟ್ಟಿದರೆ ಮುಂದೆ ಕರೆಯುವವರಿಲ್ಲ. ತನ್ನ ದನಿ ತನಗೇ ಕೇಳಿಸದ ಕಡೆ ಹಾಡಿದರೆ ಹೆದರಿಕೆಯಾಗುವುದಿಲ್ಲವಂತೆ.

ಅವನು ಹಾಡುತ್ತಿದ್ದ ಇಟಾಲಿಯನ್ ಅತ್ತೆಗೆ ಬಾರದು. ಆದರೂ ಕಡಿದ ನೂಲು ಕಟ್ಟುತ್ತಲೇ ಅವನ ತುಟಿ ಗಮನಿಸಿ ಕೈಯೆತ್ತಿ ತಡೆದರು. ಆ ಎತ್ತರದ ಸ್ವರದ ಜಾಗ ಬರುತ್ತಿದ್ದಂತೆ ಅವನು ಬಾಯಿ ಕಿರಿದು ಮಾಡುತ್ತಿದ್ದ! ಅತ್ತೆ ತಮ್ಮ ಬಾಯಿ ಅಗಲಿಸಿ ತೋರಿಸಿದರು. ಅವನು ಮತ್ತೆ ಶುರುಮಾಡಿದ.

ಆಗಲೇ ಕರೆಂಟ್ ಹೋಯಿತು. ಮಗ್ಗಗಳೆಲ್ಲ ನಿಂತವು, ಆ ಎತ್ತರದ ಸ್ವರ ಮಾತ್ರ ನಿಲ್ಲಲಿಲ್ಲ. ತಗಡಿನ ಸೂರೇ ಅದುರಿತು! ನಾನು ಚಪ್ಪಾಳೆ ತಟ್ಟುತ್ತ ಕುಣಿದೇಬಿಟ್ಟೆ.

ರಂಗಣ್ಣ ಬೆಚ್ಚಿ ಬಾಯಿ ಮುಚ್ಚಿಕೊಂಡ. "ಕರೆಂಟ್ ಬರಲಿ ಅತ್ತೆ, ಆಮೇಲೆ ಹಾಡ್ತೀನಿ."

"ತರಿ ಓಡದೇನೇ ಸ್ವರ ಬಂತಲ್ಲ, ಕಣ್ಣು," ಎಂದು ನಿಂತ ಮಗ್ಗಗಳತ್ತ ಕೈ ತೋರಿಸಿ ಮುದ್ದಿನಿಂದ ಹೇಳಿದರು ಅತ್ತೆ. "ಇನ್ನೂ ಏನಕ್ಕೆ ಬಯ?"