ಸುಲ್ತಾನಾ ಮೇಡಂ ಹೊರಗೆ ಕೂಡಿಸಿದ ಹುಡುಗಿ

ಹುಬ್ಬಳ್ಳಿಯ ಅಂಚಿನ ಬೈರಿದೇವರಕೊಪ್ಪದ ಆ ಖಾಸಗಿ ಹೈಸ್ಕೂಲಿಗೆ ಸುಲ್ತಾನಾ ದೈಹಿಕ ಶಿಕ್ಷಕಿಯಾಗಿ ಬಂದಾಗ ಅಲ್ಲಿ ಮೈದಾನವೆಂಬುದು ಹೆಸರಿಗಷ್ಟೇ ಇತ್ತು. ಕಟ್ಟಡದ ಹಿಂದಿನ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಬಾಯಿ ಬಿಡುತ್ತಿತ್ತು. ಆಕೆ ಆಡಳಿತ ಮಂಡಳಿಯವರ ಬೆನ್ನು ಹತ್ತಿ ಒಂದೆರಡು ಟ್ರ್ಯಾಕ್ಟರ್ ಕೆಂಪು ಗರಸು ಮಣ್ಣು ತರಿಸಿ ಹರವಿಸಿದಳು, ಎರಡು ತುದಿಗೆ ಎರಡು ಕಂಬ ನಿಲ್ಲಿಸಿದಳು. ಹುಡುಗಿಯರ ಖೋಖೋ ಶುರುವಾಯಿತು.

ಸುಲ್ತಾನಾ ಹಳೇ ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳು. ತಂದೆ ಕಾಸಿಮಸಾಬ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಮಗಳು ಚಡ್ಡಿ ಹಾಕಿಕೊಂಡು ಮಂದಿ ಮುಂದೆ ಓಡುವುದು ತಾಯಿ ಕರೀಮಾಬಿಗೆ ಸೇರಿರಲಿಲ್ಲ. ಉದ್ದನೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡರೆ ಆಯಿತು ಎಂದು ಕಾಸಿಮಸಾಬ ಒಂದೇ ಮಾತಿನಲ್ಲಿ ಆ ಜಗಳ ಮುಗಿಸಿದ್ದರು. ಕಾಲೇಜಿನಲ್ಲಿದ್ದಾಗ ಆಕೆಯ ತಂಡ ವಿಶ್ವವಿದ್ಯಾಲಯದ ಕಪ್ ಗೆದ್ದಿತು. ಆ ಫೈನಲ್‌ನಲ್ಲಿ ಗೆಳತಿ ಗುಲ್ಜಾರಬಿಯ ಮೊಣಕಾಲು ಬಾತುಕೊಂಡಿತ್ತು. ಕೋಚ್ ಅದಕ್ಕೆ ಪಟ್ಟಿ ಸುತ್ತಿಸಿ ಮತ್ತೆ ಓಡಿಸಿದರು. ಕಪ್ ಕಾಲೇಜಿನ ಗಾಜಿನ ಕಪಾಟಿನಲ್ಲಿ ಕೂತಿತು. ಗುಲ್ಜಾರಬಿ ಇಂದಿಗೂ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ನಮಾಜಿಗೆ ಕುರ್ಚಿ ಬೇಕು.

ತಾನು ಕಲಿಸುವ ಕಾಲ ಬಂದಾಗ ಸುಲ್ತಾನಾ ಒಂದೇ ಕಟ್ಟಳೆ ಇಟ್ಟುಕೊಂಡಳು. ಅಭ್ಯಾಸಕ್ಕೆ ತಪ್ಪದೆ ಬರುವ ಹುಡುಗಿ ಪಂದ್ಯದಲ್ಲಿ ಆಡುತ್ತಾಳೆ, ನಿಧಾನದವಳಿರಲಿ, ಚುರುಕಿನವಳಿರಲಿ. ಇದರಿಂದ ಶಾಲೆ ಕೆಲವು ಪಂದ್ಯ ಸೋತಿತು. ಹುಡುಗಿಯರ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮೊದಮೊದಲು ಮೈದಾನದ ಅಂಚಿನಲ್ಲಿ ನಿಂತು ಬಾಯಿಗೆ ವೇಲು ಒತ್ತಿಕೊಂಡು ನಗುತ್ತಿದ್ದವರೂ ಒಳಗೆ ಬಂದು ಕೂತರು.

ಹಾಗೆ ಬಂದವಳು ಜೋಯಾ. ದಪ್ಪ ಮೈ, ಸಣ್ಣ ದನಿ. ಬೆನ್ನಟ್ಟುವವರ ಸಾಲಿನಲ್ಲಿ ಕೂತಾಗ ಹಿಂದಿನಿಂದ ಯಾರಾದರೂ ಮುಟ್ಟಿ ಖೋ ಎನ್ನುವ ತನಕ ಏಳಬಾರದು. ಜೋಯಾಳಿಗೆ ಆ ತಾಳ್ಮೆ ಇರಲಿಲ್ಲ, ಗಾಬರಿಯಲ್ಲಿ ಮೊದಲೇ ಏಳುತ್ತಿದ್ದಳು. ಅದೇ ತಂಡದಲ್ಲಿ ಚಿನ್ಮಯೀ ಇದ್ದಳು. ಧಾರವಾಡದ ಮಾಳಮಡ್ಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅಜ್ಜನ ಕಾಲದಿಂದ ಆ ಮನೆಯಲ್ಲಿ ಮಾಸ್ತರಿಕೆ, ಹಾರ್ಮೋನಿಯಂ. ಈ ಹುಡುಗಿಗೆ ಎರಡೂ ಬೇಡವಾಗಿತ್ತು, ಓಟ ಒಂದೇ ಬೇಕಾಗಿತ್ತು. ಅಂಥ ಆಟಗಾರ್ತಿ ಸುಲ್ತಾನಾಳ ಕೈಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ. ಎದುರಾಳಿ ಓಟಗಾರ್ತಿ ಯಾವ ಕಡೆ ಹೊರಳುತ್ತಾಳೆಂದು ಅವಳ ಭುಜ ನೋಡಿಯೇ ಚಿನ್ಮಯೀ ಹೇಳುತ್ತಿದ್ದಳು.

ಜಿಲ್ಲಾ ಮಟ್ಟದ ಸೆಮಿಫೈನಲ್. ರಾಜ್ಯ ತಂಡಕ್ಕೆ ಆರಿಸುವವರು ಶಾಮಿಯಾನದ ಕೆಳಗೆ ಕೂತಿದ್ದರು. ಚಿನ್ಮಯೀಯ ತಂದೆ ಸೌರಭ ಕಚೇರಿಗೆ ರಜೆ ಹಾಕಿ, ಹೆಂಡತಿ ಸುಹಾಸಿನಿಯನ್ನು ಕರೆದುಕೊಂಡು ಬಂದಿದ್ದರು. ಪಂದ್ಯ ಸಮಸಮ ನಡೆದಿತ್ತು. ಚಿನ್ಮಯೀ ಎದುರಾಳಿಯ ಒಳ್ಳೆಯ ಓಟಗಾರ್ತಿಯನ್ನು ಕಂಬದ ಹತ್ತಿರ ಮೂಲೆಗೆ ತಂದು ಜೋಯಾಳಿಗೆ ಖೋ ಕೊಡಲು ಬಂದಳು. ಅವಳ ಕೈ ತಾಗುವ ಮೊದಲೇ ಜೋಯಾ ಎದ್ದುಬಿಟ್ಟಳು. ಅಂಪೈರ್ ಸೀಟಿ ಊದಿದರು. ಓಟಗಾರ್ತಿ ಪಾರಾದಳು, ಸರದಿ ಮುಗಿಯುವ ತನಕ ಸಿಗಲೇ ಇಲ್ಲ.

ಬಿಡುವಿನಲ್ಲಿ ಹುಡುಗಿಯರು ನೀರು ಕುಡಿಯುತ್ತಿದ್ದರು. ಚಿನ್ಮಯೀ ಅರ್ಧ ಬಾಟಲಿ ಕುಡಿದು ಉಳಿದದ್ದನ್ನು ಜೋಯಾಳ ಮುಖಕ್ಕೆ ಎರಚಿದಳು.

"ನೀ ಮನ್ಯಾಗ ಕುಂತಿದ್ರ ನಾವು ಗೆಲ್ತಿದ್ವಿ," ಎಂದಳು.

ಇಬ್ಬರು ಮೂವರು ನಕ್ಕರು. ಜೋಯಾ ಮುಖ ಒರೆಸಿಕೊಳ್ಳಲಿಲ್ಲ. ಸುಲ್ತಾನಾ ಬಂದು ಚಿನ್ಮಯೀಯನ್ನು ನೋಡಿ, "ನೀ ಹೊರಗ ಕೂಡು," ಎಂದಳು. ಅಷ್ಟೇ ಹೇಳಿದಳು. ಹುಡುಗಿ ಚೇಷ್ಟೆ ಎಂದುಕೊಂಡು ಅಲ್ಲೇ ನಿಂತಳು. ಮೇಡಂ ಬದಲಿ ಹುಡುಗಿಯ ಹೆಸರು ಕೂಗಿದ ಮೇಲೆ ಬ್ಯಾಗುಗಳ ರಾಶಿಯ ಹತ್ತಿರ ಹೋಗಿ ಕೂತಳು. ಆಗ ಜೋಯಾ ಓಡಿ ಬಂದು ಸುಲ್ತಾನಾಳ ತೋಳು ಹಿಡಿದಳು.

"ಮೇಡಂ, ನನ್ನ ಕೂಡಸ್ರಿ. ಆಕಿನ್ನ ಆಡಸ್ರಿ."

ಸುಲ್ತಾನಾ ಕೇಳಲಿಲ್ಲ. ತಂಡ ಸೋತಿತು. ಆರಿಸುವವರ ಪಟ್ಟಿಯಲ್ಲಿ ಚಿನ್ಮಯೀಯ ಹೆಸರು ಬರಲಿಲ್ಲ. ಕೊನೆಯ ಸರದಿಯಲ್ಲಿ ಹೊರಗೆ ಕೂತ ಹುಡುಗಿಯನ್ನು ಅವರು ಯಾಕೆ ಆರಿಸುತ್ತಾರೆ ಎಂದು ಸೌರಭ ಅಲ್ಲೇ, ಎಲ್ಲರಿಗೂ ಕೇಳುವಂತೆ ಅಂದರು.

ಮುಂದಿನ ವಾರ ಶಾಲೆಯ ಕಾರ್ಯದರ್ಶಿ ಮಿಲಿಂದ ಸುಲ್ತಾನಾಳನ್ನು ಕರೆಸಿದರು. ದನಿ ಏರಿಸುವ ಮನುಷ್ಯ ಅಲ್ಲ. ಶಿಸ್ತು ಬೇಕು ನಿಜ, ಆದರೆ ಒಂದು ಮಗುವಿನ ವರ್ಷ ಹೋಯಿತಲ್ಲ, ಶಾಲೆಯ ಹೆಸರೂ ಇದೆಯಲ್ಲ ಎಂದರು. ಆಟ ಕಲಿಸುವುದು ಗೆಲ್ಲುವುದಕ್ಕೆ ಮಾತ್ರ ಅಲ್ಲ ಎಂದು ಸುಲ್ತಾನಾ ಹೇಳಿದಳು. ಮಿಲಿಂದ ತಲೆಯಾಡಿಸಿದರು. ತಿಂಗಳೊಳಗೆ ಆಶಿಷ್ ಎಂಬ ಹೊಸ ಕೋಚ್ ಬಂದ. ಸುಲ್ತಾನಾಳ ಪಾಲಿಗೆ ಬೆಳಗಿನ ಪ್ರಾರ್ಥನೆಯ ಸಾಲು, ಕವಾಯತು, ಸಣ್ಣ ಮಕ್ಕಳ ಆಟ ಉಳಿಯಿತು.

ಆಶಿಷ್ ಕೆಟ್ಟ ಕೋಚ್ ಆಗಿರಲಿಲ್ಲ. ಇದು ಸುಲ್ತಾನಾಳಿಗೆ ನುಂಗಲು ಕಷ್ಟವಾದ ಮಾತು. ಓಡುತ್ತ ಬಂದು ಕಂಬ ಹಿಡಿದು ಗಾಳಿಯಲ್ಲಿ ಮೈ ಚಾಚಿ ಮುಟ್ಟುವುದನ್ನು ಅವನು ಕಲಿಸುವ ರೀತಿ ನೋಡಿ, ತಾನು ಇಷ್ಟು ವರ್ಷ ಅದನ್ನು ಅರ್ಧ ಮಾತ್ರ ಕಲಿಸಿದ್ದೆ ಎಂದು ಆಕೆಗೆ ತಿಳಿಯಿತು. ಹೊಟ್ಟೆಯುರಿಯಿತು. ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂದು ಮತ್ತೆ ನೋಡುತ್ತ ನಿಂತಳು. ಅವನು ಒಂಬತ್ತು ಗಟ್ಟಿ ಹುಡುಗಿಯರನ್ನು ಆರಿಸಿಕೊಂಡ, ಉಳಿದವರನ್ನು ಒಳ್ಳೆಯ ಮಾತಿನಲ್ಲೇ ಮನೆಗೆ ಕಳಿಸಿದ. ಶಾಲೆ ಮರುವರ್ಷ ಜಿಲ್ಲಾ ಕಪ್ ಗೆದ್ದಿತು. ಚಿನ್ಮಯೀ ರಾಜ್ಯ ತಂಡಕ್ಕೆ ಹೋದಳು.

ಮನೆಗೆ ಕಳಿಸಿದ ಹುಡುಗಿಯರನ್ನು ಸುಲ್ತಾನಾ ಬೆಳಿಗ್ಗೆ ಪಾಲಿಕೆಯ ಮೈದಾನಕ್ಕೆ ಕರೆದಳು. ಅಲ್ಲಿ ಒಂದು ದಿನ ಸುಮ್ಮನೆ ಕೂತಾಗ ಜೋಯಾ ಒಂದು ಮಾತು ಅಂದಳು. ಆ ಪಂದ್ಯದ ನಂತರ ವರ್ಷವಿಡೀ ಎಲ್ಲರೂ ಜೋಯಾಳ ಸಲುವಾಗಿ ಸೋತೆವು ಎಂದರಂತೆ. ನೀರು ಎರಚಿದ್ದು ಒಂದು ಗಳಿಗೆ, ಆಮೇಲಿನದು ಒಂದು ವರ್ಷ.

"ನೀವು ನನ್ನ ಒಂದ ಮಾತು ಕೇಳಿದ್ರ ಹಿಂಗ ಆಗ್ತಿರಲಿಲ್ರಿ," ಎಂದಳು ಜೋಯಾ.

ಸುಲ್ತಾನಾಳಿಗೆ ಇದು ಹೊಳೆದಿರಲೇ ಇಲ್ಲ. ಜೋಯಾಳ ಮಾನ ಉಳಿಸಿದೆ ಎಂದುಕೊಂಡಿದ್ದಳು. ಗುಲ್ಜಾರಬಿಯನ್ನು ಓಡಿಸಿದ ಕೋಚ್ ಕೂಡ ಹುಡುಗಿಯನ್ನು ಕೇಳಿರಲಿಲ್ಲ. ತಾನೂ ಜೋಯಾಳ ಮಾತು ಕೇಳಲಿಲ್ಲ, ಚಿನ್ಮಯೀಗೆ ಯಾಕೆಂದು ಹೇಳಲೂ ಇಲ್ಲ. ಆ ಯೋಚನೆ ಕೆಲವು ದಿನ ಆಕೆಯನ್ನು ಕಾಡಿತು. ಒಂದು ಭಾನುವಾರ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ, ಚಿನ್ಮಯೀಯ ಮನೆಗೆ ಹೋದಳು.

ಮಾಳಮಡ್ಡಿಯ ಮನೆಯ ಬಾಗಿಲು ತೆರೆದವರು ಸುಹಾಸಿನಿ. ಗುರುತು ಹಿಡಿದು, ಬರ್ರಿ ಎಂದರು. ಸೌರಭ ಮನೆಯಲ್ಲಿರಲಿಲ್ಲ. ಸುಹಾಸಿನಿ ಚಹಾ ತಂದಿಟ್ಟರು. ಚಿನ್ಮಯೀ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅವತ್ತು ನಿನ್ನ ಹೊರಗ ಕೂಡಿಸಿದ್ದು ತಪ್ಪಲ್ಲ," ಎಂದಳು ಸುಲ್ತಾನಾ. "ಈಗ್ಲೂ ಹಂಗ ಮಾಡ್ತೇನಿ. ಆದ್ರ ಅಷ್ಟು ಮಂದಿ ಮುಂದ, ಯಾಕ ಅಂತ ಒಂದ ಮಾತು ಹೇಳದ ಕೂಡಿಸಿದ್ನಲ್ಲ, ಅದು ತಪ್ಪು."

"ಈಗ ನಾ ಜೋಯಾಗ ಸಾರಿ ಅನ್ನಬೇಕೇನ್ರಿ?"

"ಅದನ್ನ ಕೇಳಾಕ ನಾ ಬಂದಿಲ್ಲ."

"ಮತ್ಯಾಕ ಬಂದೀರಿ?"

"ನನ್ನ ಪಾಲಿಂದು ಹೇಳಿ ಹೋಗೋಣಂತ."

ಹುಡುಗಿ ಒಳಗೆ ಹೋದಳು. ಸುಹಾಸಿನಿ ತಣ್ಣಗಾದ ಚಹಾ ತೆಗೆದುಕೊಂಡು ಹೋಗಿ ಬೇರೆ ಮಾಡಿ ತಂದರು. "ಆಕಿ ಆವತ್ತಿಂದ ನಿಮ್ಮ ಹೆಸರು ಎತ್ತಂಗಿಲ್ರಿ," ಎಂದರು. "ಆದ್ರ ನೀವು ಬಂದದ್ದು ಛಲೋ ಆತು." ಸುಲ್ತಾನಾ ಚಹಾ ಕುಡಿದು ಎದ್ದಳು. ವಾಪಸು ಬರುವ ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ಹುಬ್ಬಳ್ಳಿ ತನಕ ನಿಂತೇ ಬಂದಳು. ಮನಸ್ಸು ಹಗುರಾಯಿತೆಂದೇನೂ ಅನಿಸಲಿಲ್ಲ. ಮಾಡಬೇಕಾದ ಒಂದು ಕೆಲಸ ಮುಗಿದಿತ್ತು.

ಚಿನ್ಮಯೀ ಆಮೇಲೂ ಸುಲ್ತಾನಾಳ ಜೊತೆ ಮಾತಾಡಲಿಲ್ಲ. ಹೈಸ್ಕೂಲು ಮುಗಿಸಿ ಧಾರವಾಡದ ಒಂದು ಕಾಲೇಜಿಗೆ ಸೇರಿದಳು. ಜೋಯಾ ಕೂಡ ಅದೇ ಕಾಲೇಜಿಗೆ ಸೇರಿದ್ದು ಆಕಸ್ಮಿಕ. ಅಲ್ಲಿ ಚಿನ್ಮಯೀ ಕ್ಯಾಪ್ಟನ್, ಜೋಯಾ ಬದಲಿ ಆಟಗಾರ್ತಿ. ಇಬ್ಬರ ನಡುವೆ ಹೂಂ, ಉಹೂಂ ಬಿಟ್ಟರೆ ಮಾತಿರಲಿಲ್ಲವಂತೆ. ಒಂದು ಪಂದ್ಯದಲ್ಲಿ ಹೊಸ ಹುಡುಗಿಯೊಬ್ಬಳು ತಪ್ಪು ಮಾಡಿ ಅಳುವಂತಾದಾಗ ಬಿಡುವಿನಲ್ಲಿ ಯಾರೋ ನಕ್ಕರು. ಚಿನ್ಮಯೀ ನಕ್ಕವರ ಕಡೆ ಸುಮ್ಮನೆ ನೋಡಿದಳು, ಆ ಹುಡುಗಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತನ್ನ ಬಾಟಲಿ ಕೊಟ್ಟಳು, ಏನೋ ಮೆಲ್ಲಗೆ ಹೇಳಿದಳು. ಇದನ್ನು ಜೋಯಾ ಸುಲ್ತಾನಾಳಿಗೆ ಬಂದು ಹೇಳಿದಳು.

"ನೀವು ಮನೀಗೆ ಹೋಗಿದ್ದಕ್ಕ ಆಕಿ ಹಂಗ ಆದ್ಲು ಅಂತ ನಾ ಹೇಳಂಗಿಲ್ರಿ," ಎಂದೂ ಸೇರಿಸಿದಳು. "ದೊಡ್ಡಾಕಿ ಆಗ್ಯಾಳ, ಅಷ್ಟ ಇರಬಹುದು."

ಇರಬಹುದು ಎಂದು ಸುಲ್ತಾನಾ ಒಪ್ಪಿದಳು.

ಈಗ ಸುಲ್ತಾನಾಳಿಗೆ ಐವತ್ತು ದಾಟಿದೆ. ಶಾಲೆಯಲ್ಲಿ ಕವಾಯತು ನಡೆಸುತ್ತಾಳೆ, ಬೆಳಗಿನ ಮೈದಾನವನ್ನು ಬಿಟ್ಟಿಲ್ಲ, ಆ ಹುಡುಗಿಯರ ತಂಡವೂ ಈಗ ಪಂದ್ಯಗಳಿಗೆ ಇಳಿಯುತ್ತದೆ. ಹುಡುಗಿಯನ್ನು ಹೊರಗೆ ಕೂಡಿಸುವ ಪ್ರಸಂಗ ಈಗಲೂ ಬರುತ್ತದೆ. ಮೊದಲು ಕರೆದು, ಆ ಕಡೆ ನಾಲ್ಕು ಹೆಜ್ಜೆ ನಡೆಸಿಕೊಂಡು ಹೋಗಿ ಮಾತಾಡುತ್ತಾಳೆ. ನೋವು ತಿಂದವಳನ್ನೂ ಕೇಳುತ್ತಾಳೆ. ದೈಹಿಕ ಶಿಕ್ಷಣದ ಕೋರ್ಸ್ ಮುಗಿಸಿರುವ ಜೋಯಾ ಜೊತೆಗೆ ಕಲಿಸಲು ಬರುತ್ತಾಳೆ. ತಮಾಷೆ ಎಂದರೆ ಗೆಲ್ಲುವ ಹಟ ಜೋಯಾಳದೇ ಹೆಚ್ಚು. ಒಂಬತ್ತು ಜನ ಗಟ್ಟಿಯವರನ್ನೇ ಇಳಿಸೋಣ ಎಂದು ಪ್ರತಿ ಪಂದ್ಯಕ್ಕೂ ವಾದ ಹೂಡುತ್ತಾಳೆ. ಸೋತವರಿಗೆ ಎಷ್ಟು ನೋವಾಗುತ್ತದೆಂದು ನಿಮಗೆ ಗೊತ್ತಿಲ್ಲ ಎನ್ನುತ್ತಾಳೆ. ಗೊತ್ತಿಲ್ಲದಿರಬಹುದು ಎಂದು ಸುಲ್ತಾನಾ ಹೇಳಿ, ಒಬ್ಬ ನಿಧಾನದವಳನ್ನು ಸಾಲಿಗೆ ಸೇರಿಸುತ್ತಾಳೆ.

ಹೋದ ತಿಂಗಳ ಪಂದ್ಯವನ್ನು ಅವರು ಗೆದ್ದರು. ಯಾರ ಆಯ್ಕೆಯಿಂದ ಗೆದ್ದದ್ದು ಎಂಬುದು ಇಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ.