ಮರೆವ್ವ ಹಾಯಿ ಏರಿಸಿದ್ದು

ಮನೆ ಅಂದ ಮೇಲೆ ನಾಲ್ಕು ಗೋಡೆ ಇರಬೇಕು ಎಂದು ಯಾರಾದರೂ ಹೇಳಿದರೆ ಮರೆವ್ವನಿಗೆ ನಗು ಬರುತ್ತಿತ್ತು. ಅವಳ ಮನೆಗೆ ಒಂದೂ ಗೋಡೆ ಇರಲಿಲ್ಲ. ಬಿದಿರು ಬಗ್ಗಿಸಿ ತಾಡಪತ್ರಿ ಹೊದಿಸಿದ ಕಮಾನು, ಅದರಡಿ ಇಬ್ಬರು ಮೈ ಚಾಚುವಷ್ಟು ಹಲಗೆ, ಹಲಗೆಯಡಿ ಕೃಷ್ಣಾ ನದಿ. ಆಲಮಟ್ಟಿಯ ಹಿನ್ನೀರಿಗೆ ಊರು ಹೋದಾಗ ಸರಕಾರ ಕೊಟ್ಟ ಮನೆಯನ್ನು ಮಗ ಯುವರಾಜನಿಗೆ ಬಿಟ್ಟುಕೊಟ್ಟು, ಅವಳು ಗಂಡ ಹುಲೆಪ್ಪನೊಂದಿಗೆ ದೋಣಿಯಲ್ಲೇ ಉಳಿದಳು. ಮಗ ಒಳ್ಳೆಯವನೇ, ಸಮೀರವಾಡಿಯಲ್ಲಿ ಪಗಾರದ ಕೆಲಸ, ಬಾ ಬಾ ಎಂದು ಕರೆಯುತ್ತಲೇ ಇದ್ದ. ಇವರು ಮೀನು ಎಲ್ಲಿದ್ದರೆ ಅಲ್ಲಿಗೆ ಸಂಸಾರ ಸಮೇತ ಹೋಗುವವರು.

ದೋಣಿಯ ಮೇಲಿನ ಸಂಸಾರಕ್ಕೆ ಕೆಲಸ ಕಡಿಮೆ ಎಂದುಕೊಂಡವರು ಒಂದು ದಿನ ಬಂದು ಇದ್ದು ನೋಡಬೇಕು. ಬೆಳಿಗ್ಗೆ ಕಣ್ಣುಬಿಟ್ಟ ಕೂಡಲೇ ತಳದ ನೀರು ತೋಡಿ ಹಾಕಬೇಕು. ಹಲಗೆ ಸಂದಿ ಬಾಯಿ ಬಿಟ್ಟಲ್ಲಿ ರಬಕವಿ ಮಗ್ಗದ ಕಸಹತ್ತಿಯನ್ನು ಡಾಂಬರಿನಲ್ಲಿ ಅದ್ದಿ ತುರುಕಬೇಕು. ಎಣ್ಣೆ ಡಬ್ಬಿ ಕತ್ತರಿಸಿ ಮಣ್ಣು ಮೆತ್ತಿದ ಒಲೆಯ ಮೇಲೆ ಅಡಿಗೆ. ದೋಣಿ ತೂಗಾಡುವಾಗ ರೊಟ್ಟಿ ತಟ್ಟಲು ಹೋದರೆ ಹಿಟ್ಟು ಒಂದು ಕಡೆ, ಕೈ ಒಂದು ಕಡೆ. ಅದಕ್ಕೇ ಗಾಳಿ ಮಲಗಿದ ದಿನ ಅವಳು ಒಟ್ಟಿಗೇ ರಾಶಿ ರೊಟ್ಟಿ ತಟ್ಟಿ, ಖಡಕ್ ಮಾಡಿ, ಬಟ್ಟೆಯಲ್ಲಿ ಕಟ್ಟಿ ಕಮಾನಿಗೆ ತೂಗುಹಾಕುತ್ತಿದ್ದಳು. ಗಾಳಿಯ ದಿನಗಳಲ್ಲಿ ಆ ರೊಟ್ಟಿ ಮುರಿದು ಬಿಸಿ ಮೀನಿನ ಸಾರಿನಲ್ಲಿ ನೆನೆಸಿ ತಿಂದರೆ ಹುಲೆಪ್ಪ ತಟ್ಟೆಯಿಂದ ತಲೆಯೇ ಎತ್ತುತ್ತಿರಲಿಲ್ಲ. ಸಂಜೆ ನಡುನೀರಿನಲ್ಲಿ ತಲೆ ತೊಳೆದು ಕೂದಲು ಹರಡಿ ಕುಳಿತರೆ ಧೂಳಿಲ್ಲ, ಗದ್ದಲವಿಲ್ಲ, ಇವತ್ತು ಏನು ಪಲ್ಯ ಎಂದು ಇಣುಕುವ ನೆರೆಯವರಿಲ್ಲ. ಆ ಸುಖವನ್ನು ಅವಳು ಯಾವ ಬಂಗಲೆಗೂ ಬಿಟ್ಟುಕೊಡುವವಳಲ್ಲ.

ಹೀಗಿರುವಾಗ ಆಷಾಢದಲ್ಲಿ ಹುಲೆಪ್ಪ ದಂಡೆಯ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದ. ಬಲಹೆಗಲು ಹೋಯಿತು. ಕೈ ಎದೆಯ ಮೇಲಕ್ಕೆ ಏಳದಾಯಿತು. ಹುಟ್ಟು ಹಾಕಲಾಗದ ಅಂಬಿಗ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಕೆಲವು ದಿನ ಕುಳಿತ. ಕೊನೆಗೆ ಹೆಂಡತಿಗೆ ಒಂದು ಮಾತೂ ಹೇಳದೆ, ಬೀಳಗಿ ಕಡೆಯ ಹೊಲದೊಡೆಯ ಬಸಗೊಂಡಪ್ಪನಿಗೆ ದೋಣಿ ಕೊಡುವುದಾಗಿ ಹೇಳಿ ಕಳಿಸಿದ. ಬಸಗೊಂಡಪ್ಪನಿಗೆ ಬೇಕಾದದ್ದು ದೋಣಿಯಲ್ಲ, ದನದ ಕೊಟ್ಟಿಗೆಯ ಅಟ್ಟಕ್ಕೆ ಹಲಗೆ.

ಸುದ್ದಿ ತಿಳಿದು ಮರೆವ್ವ ಕೆಂಡವಾದಳು. "ನನ್ನ ಒಂದ ಮಾತ ಕೇಳಿರೇನು?"

"ಏನ ಕೇಳೂದು? ಕೈ ಇಲ್ದಾಂವ ದೋಣ್ಯಾಗ ಕುಂತು ಏನ ಮಾಡ್ಲಿ? ಮಗನ ಮನಿಗೆ ಹೋಗೂಣು ನಡಿ."

"ನಿಮಗ ಕೈ ಇಲ್ಲ, ಗಾಳಿಗೆ ಐತಿ. ನಮ್ಮಪ್ಪ ಧೋತರಾ ಕಟ್ಟಿ ದೋಣಿ ನಡಸೂದು ನಾ ಕಣ್ಣಾರೆ ನೋಡೇನಿ. ಶ್ರಾವಣದ ಗಾಳಿ ಹೊಳಿಗುಂಟ ಕೆಳಗ ಒಯ್ಯತೈತಿ, ಹಿಂಗಾರಿ ಗಾಳಿ ಮ್ಯಾಲೆ ತರತೈತಿ."

"ಹೆಂಗಸ ಹಾಯಿ ಎಳದದ್ದು ಎಲ್ಲಿ ಐತಿ?"

"ಇಲ್ಲೆ ಐತಿ. ಬಸಗೊಂಡಪ್ಪಾರ ದಂಡಿಗೆ ಹೆಂಗೂ ಒಯ್ಯಬೇಕಲ್ಲ? ಯಾರೂ ಹುಟ್ಟ ಹಾಕದ ನಾ ಹಾಯಿ ಮ್ಯಾಲೆ ಒಯ್ತೇನಿ. ಮುಟ್ಟಿಸಿದ್ರ ದೋಣಿ ನಂದು. ಇಲ್ಲಂದ್ರ ಹಲಗಿ ಕೀಳಾಕ ಕಬ್ಬಿಣದ ಹಾರಿ ನಾನ ಅವರ ಕೈಗೆ ಕೊಡ್ತೇನಿ."

ಹುಲೆಪ್ಪ ಹೂಂ ಎಂದ. ಆಗದ ಮಾತಿಗೆ ಹೂಂ ಅನ್ನಲು ಏನು ಕಷ್ಟ?

ಮರೆವ್ವ ಬಸ್ಸು ಹತ್ತಿ ರಬಕವಿಗೆ ಹೋದಳು. ನೇಕಾರ ಸಾಬಣ್ಣ ವರ್ಷಗಳಿಂದ ಅವಳಿಗೆ ಕಸಹತ್ತಿ ಕೊಡುತ್ತಿದ್ದವನು. ಹಾಯಿಗೆ ಬಟ್ಟೆ ಎಂದಾಗ ಹೊಟ್ಟೆ ಹಿಡಿದು ನಕ್ಕ, ಆಮೇಲೆ ನೇಯ್ದೂ ಕೊಟ್ಟ. ತನ್ನ ಕೈಯಿಂದ ಹೋಗುವ ಮಾಲು ಸಪ್ಪಗಿರಬಾರದೆಂದು ಸೀರೆಗಿಂತ ಹೆಚ್ಚಾಗಿಯೇ ಗಂಜಿ ಕುಡಿಸಿದ. ಬಟ್ಟೆ ಹಪ್ಪಳದಂತೆ ಸೆಟೆದು ನಿಂತಿತು. ಮರೆವ್ವ ಬೆರಳಿನಿಂದ ತಟ್ಟಿ, ಇದು ಗಟ್ಟಿ ಬಟ್ಟೆ ಎಂದು ಹಿಗ್ಗಿದಳು. ಅರಿಷಿಣ ಹಚ್ಚಿ ಪೂಜೆ ಮಾಡಿ ಒಮ್ಮೆ ಬಳಸುವ ಮೊದಲು ಹೊಸ ಬಟ್ಟೆಯನ್ನು ನೀರಿಗೆ ಹಾಕುವ ಪದ್ಧತಿ ಅವಳ ಮನೆತನದಲ್ಲಿರಲಿಲ್ಲ. ಹಾಗಾಗಿ ತೊಳೆಯದೆಯೇ ಹೊಲಿದು, ದೋಣಿಯ ನಡುವೆ ಬಿದಿರಿನ ಕಂಬ ನಿಲ್ಲಿಸಿ, ಅಡ್ಡಬಿದಿರಿಗೆ ಹಾಯಿ ಕಟ್ಟಿದಳು.

ನಾಗರಪಂಚಮಿ ಮುಗಿದ ಮರುದಿನ ಜಮಖಂಡಿ ಕಡೆಯ ದಂಡೆಯಿಂದ ದೋಣಿ ಬಿಟ್ಟರು. ಹುಲೆಪ್ಪ ಹೆಂಡತಿಗೆ ಬೆನ್ನು ತಿರುಗಿಸಿ ಮುಂದೆ ಕುಳಿತ. ಹಾಯಿಯ ಮೂಲೆಗೆ ಅರಿಷಿಣ ಹಚ್ಚಿ, ಹೊಳೆತಾಯಿ ಗಂಗವ್ವನಿಗೆ ಕೈಮುಗಿದು, ಮರೆವ್ವ ಹಗ್ಗ ಎಳೆದಳು. ಪಡುಗಾಳಿ ಬಟ್ಟೆಗೆ ಬಡಿಯಿತು, ದೋಣಿ ಮುಂದಕ್ಕೆ ಹಾರಿತು. ಹಿಂದಿನ ಹುಟ್ಟನ್ನು ಕಂಕುಳಲ್ಲಿ ಒತ್ತಿ ದಿಕ್ಕು ಹಿಡಿದು ನಿಂತವಳಿಗೆ, ಹುಡುಗಿಯಾಗಿದ್ದಾಗ ಅಪ್ಪನ ದೋಣಿಯಲ್ಲಿ ಕುಳಿತಾಗಿನದೇ ಖುಷಿ. ಹುಲೆಪ್ಪ ಎರಡು ಸಲ ಕದ್ದು ಹಿಂದೆ ನೋಡಿದ್ದನ್ನು ಅವಳು ನೋಡಿಯೂ ನೋಡದಂತಿದ್ದಳು.

ಬೀಳಗಿ ಕಡೆಯ ದಂಡೆ ಕಾಣಿಸುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿಯಿತು. ಹಾಯಿಯಿಂದ ಬಿಳಿ ನೀರು ತೊಟ್ಟಿಕ್ಕತೊಡಗಿತು. ಹುಲೆಪ್ಪನ ರುಮಾಲಿನ ಮೇಲೆ ಬಿತ್ತು, ಮೂಗಿನ ಮೇಲೆ ಇಳಿಯಿತು. ಅವನು ನಾಲಿಗೆಗೆ ಹಚ್ಚಿ ನೋಡಿದ. ಗಂಜಿ. ಸಾಬಣ್ಣನ ಬಿಗಿಯೆಲ್ಲ ಕರಗಿ ಹರಿದು ಬಟ್ಟೆ ಜಾಳುಜಾಳಾಯಿತು, ಗಾಳಿ ಜರಡಿಯಲ್ಲಿ ಹಾದಂತೆ ಹಾದುಹೋಯಿತು. ದೋಣಿ ಅಡ್ಡ ತಿರುಗಿ, ಮುಳುಗಿದ ಜಾಲಿಮರಗಳ ಮೊನಚು ಕೊಂಬೆಗಳತ್ತ ಸರಿಯತೊಡಗಿತು.

ಹುಲೆಪ್ಪ ಎಡಗೈಯನ್ನು ಪಕ್ಕದ ಹುಟ್ಟಿಗೆ ಚಾಚಿದ.

"ಮುಟ್ಟಬ್ಯಾಡ್ರಿ!" ಮರೆವ್ವ ಚೀರಿದಳು. ಆ ಹುಟ್ಟು ನೀರಿಗೆ ಇಳಿದರೆ ಮನೆ ಹೋದಂತೆ. ಹಾಯಿ ಇಳಿಸಿ ಬದಿಗೆ ಎಸೆದಳು, ಕಮಾನಿನೊಳಗೆ ನುಗ್ಗಿ ಹಾಸಿಗೆಯ ಕಂಬಳಿಯನ್ನೇ ಎಳೆದು ತಂದಳು. ಕುರುಬರು ಹುಣಸೆ ಬೀಜದ ಅಂಟು ಕುಡಿಸಿ ನೇಯ್ದ ಕರಿ ಕಂಬಳಿ. ಮಳೆಯಲ್ಲಿ ಕುರಿ ಕಾಯುವವರ ಮೈ ನೆನೆಯಗೊಡದ ವಸ್ತು ಗಾಳಿಯನ್ನು ಬಿಟ್ಟೀತೇ? ಮೂಲೆಗಳನ್ನು ಅಡ್ಡಬಿದಿರಿಗೆ ಬಿಗಿದು ಏರಿಸಿದಳು. ಕಂಬಳಿ ಉಬ್ಬಿತು. ಆದರೆ ಎಳೆತ ಎಷ್ಟಿತ್ತೆಂದರೆ ಕೆಳಗಿನ ಹಗ್ಗ ಅವಳ ಅಂಗೈ ಸುಲಿಯಿತು. ಹಗ್ಗ ಹಿಡಿದರೆ ದಿಕ್ಕು ತಪ್ಪುತ್ತಿತ್ತು, ದಿಕ್ಕು ಹಿಡಿದರೆ ಹಗ್ಗ ಜಾರುತ್ತಿತ್ತು.

"ಹಗ್ಗ ಇತ್ತ ಒಗಿ," ಎಂದ ಹುಲೆಪ್ಪ.

"ನಿಮ್ಮ ಹೆಗಲು..."

"ಹೆಗಲಷ್ಟ ಹೋಗೈತಿ, ನಡಾ ಅಲ್ಲ. ಒಗಿ!"

ಹಗ್ಗವನ್ನು ಸೊಂಟಕ್ಕೆ ಸುತ್ತಿ, ಎರಡೂ ಪಾದಗಳನ್ನು ಅಡ್ಡಹಲಗೆಗೆ ಒತ್ತಿ ಅವನು ಹಿಂದಕ್ಕೆ ವಾಲಿ ಕುಳಿತ. ಜಾಲಿಯ ಕೊಂಬೆಗಳು ಕೈಯಳತೆಯಲ್ಲಿ ಹಿಂದೆ ಸರಿದವು. ಆಷಾಢದಿಂದ ಬಿಗಿದುಕೊಂಡೇ ಇದ್ದ ಅವನ ಮುಖದಲ್ಲಿ ಈಗ ನಗು ಇತ್ತು.

ದಂಡೆಯಲ್ಲಿ ಬಸಗೊಂಡಪ್ಪ ಕೊಡೆ ಹಿಡಿದು, ಚಕ್ಕಡಿ ಹೂಡಿಸಿ, ಹಲಗೆ ಕೀಳಲು ಹಾರೆ ತಂದು ಕಾಯುತ್ತಿದ್ದ. ದೋಣಿ ಬಂದು ಕೆಸರಿಗೆ ತಾಗಿದಾಗ ಮೇಲೆ ನೋಡಿ, "ಇದೇನ ಹುಲೆಪ್ಪಾ, ಹಾಸಿಗೀನ ಏರಿಸ್ಕೊಂಡ ಬಂದೀರಲ್ಲೋ! ಇಳೀರಿ ಇಳೀರಿ, ಸಾಮಾನ ತಗೀರಿ," ಎಂದ.

ಹುಲೆಪ್ಪ ಸೊಂಟದ ಹಗ್ಗ ಬಿಚ್ಚಲಿಲ್ಲ. "ತಪ್ಪಾತ್ರಿ ಧಣ್ಯಾರ. ಅಟ್ಟಕ್ಕ ಬ್ಯಾರೆ ಹಲಗಿ ನೋಡ್ರಿ. ಇದನ್ನ ಕೊಡಾಕ ಬರಂಗಿಲ್ಲ."

"ಮಾತ ಕೊಟ್ಟಿದ್ದಿ!"

"ನನ್ನ ದೋಣಿ ಕೊಡ್ತೇನಂದಿದ್ದೆರಿ. ಇದು ಇಕಿ ದೋಣಿ."

ಬಸಗೊಂಡಪ್ಪ ಗೊಣಗುತ್ತ ಎತ್ತು ತಿರುಗಿಸಿಕೊಂಡು ಹೋದ. ಮರೆವ್ವನ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು, ದೋಣಿ ಕಟ್ಟುವ ಹಗ್ಗ ಹಿಡಿದು ಕೆಸರಿಗೆ ಇಳಿಯಲು ಒಂದು ಕಾಲು ಹೊರಗೆ ಚಾಚಿದಳು.

"ಕಟ್ಟಬ್ಯಾಡ," ಎಂದ ಹುಲೆಪ್ಪ. "ಗಾಳಿ ಇನ್ನೂ ಐತಿ."