ರೊಟ್ಟಿಯ ಮೇಲಿನ ಬೆರಳ ಗುರುತು

ಈ ಮರಾಠಿ ಊರಿನ ನಮ್ಮ ಕನ್ನಡ ಮಹಿಳಾ ಮಂಡಳದಲ್ಲಿ ವರ್ಷಕ್ಕೊಮ್ಮೆ ಚರ್ಚಾಸ್ಪರ್ಧೆ ಇರುತ್ತದೆ. ಈ ಸಲದ ವಿಷಯ, ಎಲ್ಲಕ್ಕಿಂತ ದೊಡ್ಡ ಆವಿಷ್ಕಾರ ಯಾವುದು ಎಂಬುದು. ಒಬ್ಬರು ಮೊಬೈಲ್ ಎಂದರು, ಇನ್ನೊಬ್ಬರು ಕರೆಂಟು ಎಂದರು. ನಾನು ರೊಟ್ಟಿ ಬೇಯಿಸುವ ಹಂಚು ಎಂದೆ. ಬೆಂಕಿಯ ಮೇಲೆ ಹಂಚಿಟ್ಟ ದಿನವೇ ಮನುಷ್ಯನ ಬುದ್ಧಿ ಮುಗಿಯಿತು, ಆಮೇಲೆ ಬಂದದ್ದೆಲ್ಲ ಸೋಮಾರಿಗಳ ಆಟ, ಕೈಗೆ ಸಮನಾದ ಯಂತ್ರ ಇನ್ನೂ ಹುಟ್ಟಿಲ್ಲ ಎಂದು ವಾದಿಸಿದೆ. ಪುರಾವೆಗೆ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಗೆಳತಿಯನ್ನು ತೋರಿಸಿದೆ.

ಧಾರವಾಡದ ಕಡೆಯವಳು, ನಮ್ಮ ಕೆಳಗಿನ ಮಹಡಿಯಲ್ಲೇ ಇದ್ದಾಳೆ. ಎರಡು ವರ್ಷದ ಹಿಂದೆ ನಾನು ಮುಂಗೈ ಮುರಿದುಕೊಂಡೆ. ಅಂದಿನಿಂದ ರೊಟ್ಟಿ ಬಡಿಯಲು ಆಗುತ್ತಿಲ್ಲ. ಪ್ರತಿ ಶನಿವಾರ ಅವಳೇ ಜೋಳದ ರೊಟ್ಟಿ ಕಳಿಸುತ್ತಾಳೆ. ಪ್ರತಿ ರೊಟ್ಟಿಯ ಮೇಲೂ ಬೆರಳ ಗುರುತು. ತೀರಿಹೋದ ನಮ್ಮವ್ವನ ರೊಟ್ಟಿಯ ಮೇಲೂ ಹಾಗೇ ಇರುತ್ತಿತ್ತು. "ಇವಳ ಕೈಯಾಗ ನಮ್ಮವ್ವ ಇದ್ದಾಳ" ಎಂದೆ ವೇದಿಕೆಯಲ್ಲಿ.

ಅವಳ ಸರದಿ ಬಂತು. ಅವಳು ಆರಿಸಿದ ಆವಿಷ್ಕಾರ ರೊಟ್ಟಿ ಮಷಿನ್.

"ವೈನಿ, ಸಿಟ್ಟಾಗಬ್ಯಾಡ್ರಿ," ಎಂದಳು ಮೈಕಿನಲ್ಲಿ, ನನ್ನತ್ತ ನೋಡಿ. "ನಿಮ್ಮ ಮನಿಗೆ ಬರೂ ರೊಟ್ಟಿ ಮೊದಲನೇ ದಿನದಿಂದ ಮಷಿನ್‌ದೇರಿ. ಬೆರಳಿನ ಗುರುತು ಆಮ್ಯಾಲೆ ನಾನ ಒತ್ತತೀನಿ. ನಿಮಗ ಅದು ಭಾಳ ಸೇರತದ ಅಂತ."

ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಬಹುಮಾನ ಅವಳಿಗೇ ಬಂತು, ಒಂದು ಸ್ಟೀಲ್ ಡಬ್ಬಿ. ನಾನೂ ಚಪ್ಪಾಳೆ ತಟ್ಟಿದೆ, ನೋಯುವ ಮುಂಗೈಯಲ್ಲೇ. ನಂಬಿದ ಎಮ್ಮೆ ಕೋಣ ಈದಿತ್ತು. ಮಷಿನ್ ತಂದದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಕಿವಿಯಲ್ಲಿ ಹೇಳಬಹುದಾಗಿದ್ದನ್ನು ಎಂಬತ್ತು ಹೆಂಗಸರ ಮುಂದೆ ಹೇಳಿ ಗೆದ್ದಳಲ್ಲ, ಅದು ಚುಚ್ಚಿತು. ವಾಪಸ್ ಬರುವಾಗ ಒಂದೇ ರಿಕ್ಷಾದಲ್ಲಿ ಕೂತಿದ್ದರೂ ನಾನು ಮರಾಠಿಯಲ್ಲಿ ರಿಕ್ಷಾದವನ ಜೊತೆಗೇ ಮಾತಾಡಿದೆ.

ಶನಿವಾರ ಅದೇ ಬಹುಮಾನದ ಡಬ್ಬಿಯಲ್ಲಿ ರೊಟ್ಟಿ ಬಂತು. ಹಿಂದಕ್ಕೆ ಕಳಿಸುವ ಮೊದಲು ಮುಚ್ಚಳ ತೆಗೆದು ನೋಡಿದೆ. ಈ ಸಲ ಗುರುತಿರಲಿಲ್ಲ, ರೊಟ್ಟಿ ನುಣ್ಣಗಿತ್ತು. ಒಂದು ಚೂರು ಮುರಿದು ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟೆ.

ಮಷಿನ್ ರೊಟ್ಟಿಯಾದರೂ ರುಚಿ ನಮ್ಮವ್ವನದೇ. ಅದಕ್ಕೇ ಅವಳನ್ನು ಇನ್ನೂ ಕ್ಷಮಿಸಲಾಗಿಲ್ಲ.